ಮೊಂಟಾನಾ ರಾಜ್ಯದ ಕಾಂಗ್ರೆಸ್ ಚುನಾವಣೆಗಳು

ಅಮೆರಿಕದ ವಾಯವ್ಯ ಭಾಗದ ಮೊಂಟಾನಾ ಸುಮಾರು 3.8 ಲಕ್ಷ ಚದರ ಕಿ.ಮೀ. ಹರಡಿಕೊಂಡಿದೆ. 2020ರ ಜನಗಣತಿಯಂತೆ ಅಲ್ಲಿದ್ದವರು 10.84 ಲಕ್ಷ ಮಂದಿ. ಎಲ್ಲ ರಾಜ್ಯಗಳಂತೆ ಇದಕ್ಕೂ ದೇಶದ ಸಂಸತ್ತಾದ ಕಾಂಗ್ರೆಸ್‌ನ ಮೇಲ್ಮನೆ ಸೆನೆಟ್‌ನಲ್ಲಿ ಎರಡು ಸ್ಥಾನಗಳಿವೆ. ಜನಸಂಖ್ಯೆ ನೋಡಿ ಸ್ಥಾನ ಹಂಚುವ ಪ್ರತಿನಿಧಿ ಸಭೆಯಲ್ಲಿ ಮಾತ್ರ ಇದರ ಬಲ ಒಂದು, ಎರಡರ ನಡುವೆ ಹೊಯ್ದಾಡಿದೆ.

1889ರಲ್ಲಿ ರಾಜ್ಯವಾದಾಗ ಸಿಕ್ಕದ್ದು ಒಂದೇ ಸ್ಥಾನ. ಸೆನೆಟರ್‌ಗಳನ್ನು ಆಗ ರಾಜ್ಯದ ಶಾಸನಸಭೆಯೇ ಆರಿಸುತ್ತಿತ್ತು. ತಾಮ್ರದ ಗಣಿಗಳ ಒಡೆಯ ವಿಲಿಯಂ ಕ್ಲಾರ್ಕ್ 1899ರಲ್ಲಿ ಆರಿಸಿ ಬಂದದ್ದು ಶಾಸಕರಿಗೆ ಲಂಚ ಕೊಟ್ಟು ಎಂಬ ಆರೋಪ ವಾಷಿಂಗ್ಟನ್‌ವರೆಗೆ ಹೋಯಿತು. ಸೆನೆಟ್ ಸಮಿತಿ ಆಯ್ಕೆಯನ್ನು ಒಪ್ಪದಿದ್ದಾಗ ಅವರು 1900ರಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷವೇ ಮತ್ತೆ ಗೆದ್ದರು. ಮತದಾರರೇ ನೇರವಾಗಿ ಸೆನೆಟರ್‌ಗಳನ್ನು ಆರಿಸುವಂತೆ ಮಾಡಿದ 1913ರ ಸಂವಿಧಾನ ತಿದ್ದುಪಡಿಗೆ ಇಂಥ ಪ್ರಕರಣಗಳು ಬಲ ಕೊಟ್ಟವು.

ಈ ರಾಜ್ಯ ದೇಶಕ್ಕೆ ಕೊಟ್ಟ ಅತಿ ದೊಡ್ಡ ಕೊಡುಗೆ ಜೀನೆಟ್ ರ‍್ಯಾಂಕಿನ್. ಅವರೂ ದುಡಿದ ಚಳವಳಿಯಿಂದ ಮೊಂಟಾನಾದ ಮಹಿಳೆಯರಿಗೆ 1914ರಲ್ಲಿ ಮತದಾನದ ಹಕ್ಕು ದಕ್ಕಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅವರು ಕಾಂಗ್ರೆಸ್‌ಗೆ ಆಯ್ಕೆಯಾದ ಮೊದಲ ಮಹಿಳೆಯಾದರು. ಆಗ ರಾಜ್ಯಕ್ಕೆ ಎರಡು ಸ್ಥಾನಗಳಿದ್ದರೂ ಕ್ಷೇತ್ರಗಳಿರಲಿಲ್ಲ; ಇಡೀ ರಾಜ್ಯ ಮತ ಹಾಕಿ ಮೊದಲ ಇಬ್ಬರನ್ನು ಕಳಿಸುತ್ತಿತ್ತು. 1917ರಲ್ಲಿ ಮೊದಲ ಮಹಾಯುದ್ಧಕ್ಕೆ ವಿರುದ್ಧವಾಗಿ ಮತ ಹಾಕಿದ 50 ಮಂದಿಯಲ್ಲಿ ಅವರೂ ಒಬ್ಬರು. ಮುಂದೆ ರಾಜ್ಯವನ್ನು ಎರಡು ಕ್ಷೇತ್ರಗಳಾಗಿ ಸೀಳಿದಾಗ ಅವರ ಊರು ಡೆಮಾಕ್ರಾಟರ ಬಲವಿದ್ದ ಪಶ್ಚಿಮದ ಪಾಲಾಯಿತು. ಹಾಗಾಗಿ ರಿಪಬ್ಲಿಕನ್ ಆಗಿದ್ದ ಅವರು 1918ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿ ಸೋತರು. 1940ರಲ್ಲಿ ಪ್ರತಿನಿಧಿ ಸಭೆಗೆ ಮತ್ತೆ ಗೆದ್ದು ಬಂದು, ಪರ್ಲ್ ಹಾರ್ಬರ್ ದಾಳಿಯ ಮರುದಿನ ಜಪಾನಿನ ಮೇಲಿನ ಯುದ್ಧ ಘೋಷಣೆಗೆ 388 ಮತಗಳ ಎದುರು ಒಂಟಿಯಾಗಿ ಬೇಡವೆಂದರು. ಅಷ್ಟು ಧೈರ್ಯದ ಮತ ಆ ಸಭೆಯಲ್ಲಿ ಅಪರೂಪ. 1942ರಲ್ಲಿ ಅವರ ಸ್ಥಾನ ಗೆದ್ದ ಮೈಕ್ ಮ್ಯಾನ್ಸ್‌ಫೀಲ್ಡ್ ನಂತರ ಸೆನೆಟ್‌ನ ಬಹುಮತ ಪಕ್ಷದ ನಾಯಕರಾಗಿ 1961ರಿಂದ 1977ರವರೆಗೆ ಇದ್ದರು.

1990ರ ಜನಗಣತಿ ಒಂದು ಸ್ಥಾನ ಕಿತ್ತುಕೊಂಡಿತು. ಹಂಚಿಕೆಯ ಸೂತ್ರವೇ ಅನ್ಯಾಯವೆಂದು ರಾಜ್ಯ ಮೊಕದ್ದಮೆ ಹೂಡಿತಾದರೂ 1992ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಸೂತ್ರವನ್ನು ಎತ್ತಿಹಿಡಿಯಿತು. ಅದೇ ವರ್ಷ ಹಾಲಿ ಸದಸ್ಯರಿಬ್ಬರೂ ಒಂದೇ ಸ್ಥಾನಕ್ಕಾಗಿ ಎದುರುಬದುರಾದರು. ಪಶ್ಚಿಮದ ಡೆಮಾಕ್ರಾಟ್ ಪ್ಯಾಟ್ ವಿಲಿಯಮ್ಸ್, ಪೂರ್ವದ ರಿಪಬ್ಲಿಕನ್ ರಾನ್ ಮಾರ್ಲೆನೀ ಅವರನ್ನು ಅಲ್ಪ ಅಂತರದಲ್ಲಿ ಸೋಲಿಸಿದರು.

ಕಳೆದ ಸ್ಥಾನ 2020ರ ಜನಗಣತಿಯ ನಂತರ ಮರಳಿತು. ಎರಡು ಕ್ಷೇತ್ರಗಳ ಗಡಿ ಎಳೆದದ್ದು ಐವರ ಆಯೋಗ. 2022ರಲ್ಲಿ ಪಶ್ಚಿಮದಲ್ಲಿ ರಯಾನ್ ಜಿಂಕಿ ಶೇಕಡಾ ಮೂರರಷ್ಟು ಅಂತರದಲ್ಲಿ, ಪೂರ್ವದಲ್ಲಿ ಮ್ಯಾಟ್ ರೋಸೆಂಡೇಲ್ ಸುಲಭವಾಗಿ ಗೆದ್ದರು. ಇಬ್ಬರೂ ರಿಪಬ್ಲಿಕನ್ನರು. 2024ರಲ್ಲಿ ಮೂರು ಅವಧಿಯ ಡೆಮಾಕ್ರಾಟ್ ಸೆನೆಟರ್ ಜಾನ್ ಟೆಸ್ಟರ್ ಕೂಡ ರಿಪಬ್ಲಿಕನ್ ಟಿಮ್ ಶೀಹಿ ಎದುರು ಸೋತರು.