ಇಳಕಲ್ಲು ಸೀರೆಯ ಸ್ಥಿರಾಂಶ

ಉಡುಪಿನ ಅಭಿರುಚಿಯು ಕಾಲಕಾಲಕ್ಕೆ ಮಾರ್ಪಡುವುದು ಲೋಕವಿದಿತವಾದುದು. ಆದರೂ ಕೆಲವು ವಸ್ತ್ರಗಳು ಬಹುಕಾಲ ಆದರಣೀಯವಾಗಿ ಉಳಿಯಲು ಕಾರಣವೇನೆಂಬುದನ್ನು ಬಾಗಲಕೋಟೆ ಜಿಲ್ಲೆಯ ಇಳಕಲ್ಲು ಸೀರೆಯ ನಿದರ್ಶನದಿಂದ ವಿಚಾರಿಸಬಹುದು.

ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿಹಾಕಿ ಕೂಡಿಸುವರು. ಇದು ವೈಯಾಕರಣರ ಸಂಧಿಯಂತೆ. ಎರಡು ಪದಗಳು ಸೇರಿ ಒಂದೇ ಉಚ್ಚಾರವಾಗುವುದು. ಪ್ರತಿಯೊಂದು ಸೀರೆಗೂ ಬೇರೆಬೇರೆಯಾಗಿ ಹಾಸು ಹೂಡಬೇಕಾದುದರಿಂದ ಶ್ರಮವು ಅಧಿಕವೇ ಸರಿ.

ಕಾಲಾನುಗುಣವಾಗಿ ಹತ್ತಿಯ ಒಡಲಿನೊಡನೆ ಕೃತಕ ರೇಷ್ಮೆಯ ಒಡಲೂ ಬಂದಿತು. ಗಿಡಮೂಲಿಕೆಯ ಬಣ್ಣಗಳ ಸ್ಥಾನದಲ್ಲಿ ರಾಸಾಯನಿಕ ಬಣ್ಣಗಳು ನೆಲೆಗೊಂಡುವು. ಆದರೆ ಕೆಂಪು ಸೆರಗಿನ ಮೇಲಣ ಬಿಳಿಯ ತೆನೆ, ಹಣಿಗೆಗಳ ಆಕೃತಿಗಳೂ ಆ ಕೊಂಡಿಯೂ ಉಳಿದುವು. ಆದುದರಿಂದ ಚಿರಂತನತೆಯೆಂಬುದು ಬದಲಾವಣೆಯ ನಿರಾಕರಣವಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಕವೇ ಅದು.

ಕೆಲವು ನೇಯ್ಗೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯಿದೆಯು 1985ರಲ್ಲಿಯೇ ಆಗಿದ್ದರೂ ಯಂತ್ರಮಗ್ಗದ ಅನುಕರಣಗಳು ನಿಂತಿಲ್ಲ. ಅವು ವರ್ಣವನ್ನೂ ಆಕೃತಿಯನ್ನೂ ಸುಲಭವಾಗಿ ಅನುಕರಿಸುವುವು. ಕೈಯಿಂದ ಹಾಕಿದ ಕೊಂಡಿಯನ್ನು ಅನುಕರಿಸಲಾರವು. ಕೊಳ್ಳುವವರು ಬೆಲೆಯೊಂದನ್ನೇ ನೋಡಿ ಈ ಭೇದವನ್ನು ಮರೆತರೆ ಇಳಕಲ್ಲೆಂಬ ಹೆಸರು ಉಳಿದೀತು, ಸೀರೆಯು ಉಳಿಯದು. ಕೊಂಡಿ ಹಾಕುವ ಕೈಗೆ ತಕ್ಕ ಕೂಲಿ ದೊರೆಯುವಂತೆ ಮಾಡುವುದೇ ಈ ಸಂಪ್ರದಾಯದ ನಿಜವಾದ ರಕ್ಷಣೆ.