ಪ್ರೌಢಶಾಲಾ ಪ್ರಮಾಣಪತ್ರವಿಲ್ಲದವರಿಗೆ ಕಾಲೇಜು ನೆರವು: ಅಮೆರಿಕದ ಅರ್ಹತಾ ಪರೀಕ್ಷೆಯ ಚರಿತ್ರೆ

ಅಮೆರಿಕದ ಉನ್ನತ ಶಿಕ್ಷಣ ಕಾಯ್ದೆ 1965ರಲ್ಲಿ ಜಾರಿಗೆ ಬಂತು. ಹೈಸ್ಕೂಲು ಮುಗಿಸದ ವಯಸ್ಕರಿಗೂ ಕೇಂದ್ರ ಸರ್ಕಾರದ ಧನಸಹಾಯ ಸಿಗುವಂತಾದದ್ದು 1976ರ ತಿದ್ದುಪಡಿಯಿಂದ. ಕಡ್ಡಾಯ ಶಿಕ್ಷಣದ ವಯಸ್ಸು ದಾಟಿದ ವ್ಯಕ್ತಿಗೆ ಓದಿನ ಪ್ರಯೋಜನ ಪಡೆಯುವ ಸಾಮರ್ಥ್ಯವಿದ್ದರೆ ಸಾಕು ಎಂಬ ಉದಾರ ನಿಲುವು ಅದರಲ್ಲಿತ್ತು. ಆದರೆ ಆ ಸಾಮರ್ಥ್ಯವನ್ನು ಅಳೆಯುವ ಕೆಲಸ ಬಹುಮಟ್ಟಿಗೆ ವಿದ್ಯಾಸಂಸ್ಥೆಗಳ ಕೈಯಲ್ಲೇ ಉಳಿಯಿತು. ಯಾರನ್ನು ಸೇರಿಸಿಕೊಂಡರೆ ಹಣ ಬರುತ್ತದೋ ಅವರ ಅರ್ಹತೆಯನ್ನು ಹಣ ಪಡೆಯುವವರೇ ತೀರ್ಮಾನಿಸುವ ಈ ವ್ಯವಸ್ಥೆಯೇ ಮುಂದಿನ ಅನರ್ಥಗಳಿಗೆಲ್ಲ ಮೂಲವೆಂಬುದು ನನ್ನ ವಾದ.

1980ರ ದಶಕದಲ್ಲಿ ಲಾಭಕ್ಕಾಗಿ ನಡೆಯುವ ವೃತ್ತಿ ತರಬೇತಿ ಶಾಲೆಗಳು ಈ ಸಡಿಲಿಕೆಯನ್ನು ಧಾರಾಳವಾಗಿ ಬಳಸಿಕೊಂಡವು. ಸಾಲ ಪಡೆದು ಸೇರಿದವರಲ್ಲಿ ಅನೇಕರಿಗೆ ವಿದ್ಯೆಯೂ ದಕ್ಕಲಿಲ್ಲ, ಕೆಲಸವೂ ಸಿಗಲಿಲ್ಲ. ಉಳಿದದ್ದು ಸಾಲ ಮಾತ್ರ. 1990ರಲ್ಲಿ ಸೆನೆಟರ್ ಸ್ಯಾಮ್ ನನ್ ಅಧ್ಯಕ್ಷತೆಯ ಉಪಸಮಿತಿ ಈ ಅಕ್ರಮಗಳ ವಿಚಾರಣೆ ನಡೆಸಿತು. ಅದೇ ವರ್ಷದ ಬಜೆಟ್ ಕಾಯ್ದೆ, ಶಿಕ್ಷಣ ಇಲಾಖೆ ಒಪ್ಪಿದ ಪರೀಕ್ಷೆಯನ್ನು ಹೊರಗಿನವರೇ ಸ್ವತಂತ್ರವಾಗಿ ನಡೆಸಬೇಕೆಂದು ಕಡ್ಡಾಯಗೊಳಿಸಿತು. 1992ರಲ್ಲಿ ರಾಜ್ಯಗಳೇ ರೂಪಿಸಬಹುದಾದ ಪರ್ಯಾಯ ವಿಧಾನಕ್ಕೂ ಅವಕಾಶವಾಯಿತು. 1995ರ ನಿಯಮಗಳು ಉತ್ತೀರ್ಣಾಂಕವನ್ನು ಹೈಸ್ಕೂಲು ಮುಗಿಸಿದವರ ಸರಾಸರಿಗಿಂತ ಒಂದು ಪ್ರಮಾಣ ವಿಚಲನೆಯಷ್ಟು ಕೆಳಗೆ ನಿಗದಿಪಡಿಸಿದವು. ಇಲಾಖೆ ಒಪ್ಪಿದ ಪರೀಕ್ಷೆಗಳಲ್ಲೊಂದಾದ ವಂಡರ್‌ಲಿಕ್‌ನ ಮೂಲ ಕೌಶಲ ಪರೀಕ್ಷೆಯಲ್ಲಿ ಭಾಷೆಗೆ 200, ಗಣಿತಕ್ಕೆ 210 ಅಂಕ ಬೇಕಿತ್ತು.

ಪರೀಕ್ಷಕರು ಹೊರಗಿನವರಾದ ಮಾತ್ರಕ್ಕೆ ಮೋಸ ನಿಲ್ಲಲಿಲ್ಲ. 2009ರಲ್ಲಿ ಅಮೆರಿಕದ ಸರ್ಕಾರಿ ಹೊಣೆಗಾರಿಕೆ ಕಚೇರಿಯ ತನಿಖಾಧಿಕಾರಿಗಳು ಅಭ್ಯರ್ಥಿಗಳ ವೇಷದಲ್ಲಿ ಖಾಸಗಿ ಶಾಲೆಯೊಂದರ ಶಾಖೆಯಲ್ಲಿ ಪರೀಕ್ಷೆಗೆ ಕೂತರು. ಕೋಣೆಯಲ್ಲಿದ್ದ ಸುಮಾರು 20 ಮಂದಿಗೂ ಪರೀಕ್ಷಕರೇ ಕೆಲವು ಪ್ರಶ್ನೆಗಳ ಉತ್ತರ ಹೇಳಿಕೊಟ್ಟರು. ಸಾಲದ್ದಕ್ಕೆ, ತನಿಖಾಧಿಕಾರಿಗಳು ಬರೆದ ಉತ್ತರಗಳನ್ನು ಹೊಡೆದುಹಾಕಿ ಸರಿಯುತ್ತರ ತುಂಬಿ, ಅವರನ್ನು ಪಾಸು ಮಾಡಲಾಗಿತ್ತು.

ಇದಕ್ಕಿಂತ ನಂಬಿಕಾರ್ಹವಾದ ಅಳತೆಗೋಲು ಆ ಹೊತ್ತಿಗೆ ಕಾಯ್ದೆಯಲ್ಲೇ ಇತ್ತು. ಆರು ಕ್ರೆಡಿಟ್‌ಗಳಷ್ಟು ಕಾಲೇಜು ಪಾಠವನ್ನು ಯಶಸ್ವಿಯಾಗಿ ಮುಗಿಸಿದವರು ಪರೀಕ್ಷೆ ಬರೆಯದೆಯೂ ನೆರವಿಗೆ ಅರ್ಹರೆಂದು 2008ರ ತಿದ್ದುಪಡಿ ಹೇಳಿತ್ತು. ಒಂದು ದಿನದ ಪರೀಕ್ಷೆಗಿಂತ ತಿಂಗಳುಗಟ್ಟಲೆ ತರಗತಿಯಲ್ಲಿ ಕೂತು ತೇರ್ಗಡೆಯಾದದ್ದೇ ಸಾಮರ್ಥ್ಯಕ್ಕೆ ಗಟ್ಟಿಯಾದ ಸಾಕ್ಷಿ. ಆ ಆರು ಕ್ರೆಡಿಟ್‌ಗಳ ಶುಲ್ಕವನ್ನು ಬಡ ವಿದ್ಯಾರ್ಥಿ ಕೈಯಿಂದಲೇ ಕಟ್ಟಬೇಕಾಗಿದ್ದದ್ದು ಮಾತ್ರ ದೊಡ್ಡ ಕೊರತೆ.

ಅದನ್ನು ಸರಿಪಡಿಸುವ ಬದಲು ಸಂಸತ್ತು ಬಾಗಿಲನ್ನೇ ಮುಚ್ಚಿತು. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಅನುದಾನದ ವೆಚ್ಚ ತಗ್ಗಿಸುವ ಭರದಲ್ಲಿ, 2012ರ ಜುಲೈ 1ರಿಂದ ಹೊಸದಾಗಿ ಸೇರುವವರಿಗೆ ಪರೀಕ್ಷೆ, ಕ್ರೆಡಿಟ್ ಎರಡೂ ಮಾರ್ಗಗಳು ರದ್ದಾದವು. ತಪ್ಪೆಸಗಿದ್ದು ಸಂಸ್ಥೆಗಳು, ನೆರವು ಕಳೆದುಕೊಂಡದ್ದು ಓದಬಯಸಿದವರು. 2014ರ ಡಿಸೆಂಬರ್‌ನಲ್ಲಿ ಈ ಮಾರ್ಗಗಳು ಮರಳಿ ಬಂದವಾದರೂ, ವಯಸ್ಕರ ಶಿಕ್ಷಣವನ್ನೂ ಉದ್ಯೋಗ ತರಬೇತಿಯನ್ನೂ ಬೆಸೆದ ನಿರ್ದಿಷ್ಟ ವೃತ್ತಿಪಥ ಕಾರ್ಯಕ್ರಮಗಳಿಗೆ ಸೇರುವವರಿಗೆ ಮಾತ್ರ. ಅಂಥ ಕಾರ್ಯಕ್ರಮಕ್ಕೆ ಸೇರದೆ ಇತಿಹಾಸವನ್ನೋ ಸಾಹಿತ್ಯವನ್ನೋ ಓದಬಯಸುವವರು ಮೊದಲು ಹೈಸ್ಕೂಲು ಪ್ರಮಾಣಪತ್ರ ಅಥವಾ ಅದಕ್ಕೆ ಸಮಾನವಾದ ಅರ್ಹತೆಯನ್ನು ಪಡೆದೇ ಬರಬೇಕು.