ನಾಡಕುಲುಮೆಯ ಕೈ ಉಪಕರಣಗಳ ಗುಣಪರೀಕ್ಷೆ: ಫರಂಗಿಪೇಟೆ ಪರಿಸರದ ಹಿನ್ನೆಲೆಯಲ್ಲಿ

ನೇತ್ರಾವತಿಯ ದಂಡೆಯಲ್ಲಿ, ಮಂಗಳೂರು ಮತ್ತು ಬಂಟ್ವಾಳಗಳ ನಡುವೆ ಇರುವ ಫರಂಗಿಪೇಟೆಯನ್ನು ಚರಿತ್ರಕಾರರು ಹೆಚ್ಚಾಗಿ ಪೋರ್ಚುಗೀಸರ ಸಂಪರ್ಕದ ಪ್ರಸ್ತಾಪದಲ್ಲಿ ನೆನೆಯುತ್ತಾರೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಒಳನಾಡಿಗೆ ಸಾಗಿದ್ದು ಇದೇ ಮಾರ್ಗವಾಗಿ. 1807ರಲ್ಲಿ ಪ್ರಕಟವಾದ ಅವನ ಪ್ರವಾಸಕಥನದಲ್ಲಿ ಮಾಗಡಿ, ಮಧುಗಿರಿ ಭಾಗಗಳ ಕಬ್ಬಿಣ ಹಾಗೂ ಉಕ್ಕಿನ ತಯಾರಿಕೆಯ ವಿವರಗಳಿವೆ. ಕರಾವಳಿಯ ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಬಂದುದೂ ಆ ಗ್ರಂಥದಿಂದಲೇ. ಅಗೆಯಬೇಕಾದ ನೆಲ ಮತ್ತು ಅಗೆಯುವ ಲೋಹ ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ. ನಾಡಕುಲುಮೆಯಲ್ಲಿ ಬಡಿದು ಮಾಡಿದ ಉಪಕರಣದ ಗುಣವನ್ನು ಯಾವ ಆಧಾರದಿಂದ ನಿರ್ಣಯಿಸಬೇಕು?

ಉಪಕರಣದ ಬಾಯಿ ಗಡಸಾಗಿರಬೇಕು, ಮೈ ಪೆಟ್ಟನ್ನು ತಾಳಬೇಕು. ಈ ಎರಡು ಗುಣಗಳು ಒಂದಕ್ಕೊಂದು ವಿರುದ್ಧವಾದವು. ಕೆಂಪಗೆ ಕಾಸಿ ನೀರಿಗೆ ಅದ್ದಿದ ಉಕ್ಕು ಗಡಸಾಗುವುದರೊಂದಿಗೆ ಸುಲಭವಾಗಿ ಸಿಡಿಯುವಂತೆಯೂ ಆಗುತ್ತದೆ. ಅದನ್ನು ಮತ್ತೆ ಮೆಲ್ಲಗೆ ಕಾಸಿ ಹದಗೊಳಿಸಬೇಕು. ಆಗ ಉಜ್ಜಿದ ಅಲಗಿನ ಮೇಲೆ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿಳಿಹಳದಿ, 300ರ ಸುಮಾರಿಗೆ ನೀಲಿ ಬಣ್ಣ ಮೂಡುತ್ತದೆ. ಉಷ್ಣಮಾಪಕವಿಲ್ಲದ ಕುಲುಮೆಯಲ್ಲಿ ಈ ಬಣ್ಣವೇ ಮಾಪಕ. ಶೇಂದಿ ಇಳಿಸುವವರ ಕತ್ತಿಗೆ ಹೊಂಬಾಳೆಯನ್ನು ತೆಳುವಾಗಿ ಕೊಯ್ಯುವ ಹರಿತ ಬೇಕು. ಮುರಕಲ್ಲು ಕಡಿಯುವ ಕೊಡಲಿಗೆ ಸತತ ಪೆಟ್ಟನ್ನು ತಾಳುವ ಬಾಯಿ ಬೇಕು. ಒಂದಕ್ಕೆ ಒಪ್ಪುವ ಹದ ಮತ್ತೊಂದರಲ್ಲಿ ದೋಷವಾಗುತ್ತದೆ.

ಲೋಹ ಉತ್ತಮವಾದರೆ ಉಪಕರಣವೂ ಉತ್ತಮವೆಂಬ ಗ್ರಹಿಕೆಯನ್ನು ಉಕ್ಕಿನ ಚರಿತ್ರೆಯೇ ತಿದ್ದುತ್ತದೆ. ಭಾರತದಿಂದ ಲಂಡನ್ನಿಗೆ ಹೋದ ಮೂಸೆಯುಕ್ಕನ್ನು ಜಾರ್ಜ್ ಪಿಯರ್ಸನ್ ಪರೀಕ್ಷಿಸಿ 1795ರಲ್ಲಿ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಮಂಡಿಸಿದನು. ಜೇಮ್ಸ್ ಸ್ಟೋಡಾರ್ಟ್ ಅದೇ ಉಕ್ಕಿನಿಂದ ಅಲಗುಗಳನ್ನು ಮಾಡಿ ಮೆಚ್ಚಿಕೊಂಡನು. ಆದರೆ ಇಂಗಾಲದ ಅಂಶ ಹೆಚ್ಚಿರುವ ಈ ಉಕ್ಕು ಅತಿಯಾಗಿ ಕಾಸಿದರೆ ಸುತ್ತಿಗೆಯ ಕೆಳಗೆ ಪುಡಿಯಾಗುತ್ತದೆ. ಬೆಂಕಿಯನ್ನು ಅರಿಯದವನ ಕೈಯಲ್ಲಿ ಶ್ರೇಷ್ಠ ಲೋಹವೂ ಕೆಡುತ್ತದೆ. ಇದಕ್ಕೆ ಪ್ರತಿಯಾಗಿ, ಲಾರಿಗಳ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಹದವರಿತ ಕಮ್ಮಾರನು ವರ್ಷಗಟ್ಟಲೆ ಬಾಳುವ ಕತ್ತಿಯನ್ನು ಮಾಡಬಲ್ಲನು.

ಕರ್ನಾಟಕದ ಹಲವೆಡೆ ರೂಢಿಯಲ್ಲಿದ್ದ ಆಯದ ಪದ್ಧತಿಯಲ್ಲಿ ಸುಗ್ಗಿಯ ಧಾನ್ಯ ಪಡೆಯುವ ಕಮ್ಮಾರನೇ ವರ್ಷವಿಡೀ ಉಪಕರಣಗಳನ್ನು ದುರಸ್ತಿ ಮಾಡಬೇಕಿತ್ತು. ಕೆಟ್ಟ ಕೆಲಸದ ಹೊರೆ ಅವನ ಮೇಲೆಯೇ ಬೀಳುತ್ತಿದ್ದುದರಿಂದ ಈ ಸಂಬಂಧವೇ ಗುಣಕ್ಕೆ ಜಾಮೀನಾಗಿತ್ತು. 1874ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಯಂತ್ರ ಕಾರ್ಯಾಗಾರ ಆರಂಭವಾಯಿತು. 1907ರಲ್ಲಿ ರೈಲು ಬಂದಿತು. ದೂರದ ಕಾರ್ಖಾನೆಯ ಸರಕು ಅಂಗಡಿಗೆ ಬಂದಂತೆ ಮಾಡಿದವನೂ ಕೊಂಡವನೂ ಪರಸ್ಪರ ಅಪರಿಚಿತರಾದರು. 1947ರಲ್ಲಿ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಮುದ್ರೆ 1955ರಿಂದ ಬಳಕೆಗೆ ಬಂದುದು ಇಂತಹ ಅಪರಿಚಿತರ ನಡುವೆ ನಂಬಿಕೆಯನ್ನು ಕಲ್ಪಿಸುವುದಕ್ಕಾಗಿ. ಮುದ್ರೆಯು ಸರಕು ನಿಗದಿತ ಮಟ್ಟಕ್ಕಿಂತ ಕೆಳಗಿಲ್ಲವೆಂದು ಹೇಳಬಲ್ಲದು. ಇಂಥ ನೆಲಕ್ಕೆ, ಇಂಥ ಕೈಗೆ ಅದು ಒಗ್ಗುವುದೆಂದು ಹೇಳಲಾರದು. ಕುಲುಮೆಯ ಕೆಲಸದಲ್ಲಿ ಈ ಒಗ್ಗುವಿಕೆ ಸಾಧ್ಯ, ಆದರೆ ಒಂದರಂತೆ ಮತ್ತೊಂದು ಬರುವ ಖಾತ್ರಿಯಿಲ್ಲ. ಎರಡೂ ಅಳತೆಗಳಿಗೆ ಅವುಗಳದೇ ಮಿತಿಗಳಿವೆ.

ನಾಡಕುಲುಮೆಯ ಉಪಕರಣಗಳಲ್ಲಿ ಬಹುಪಾಲು ಹೆಸರನ್ನಾಗಲಿ ಕಾಲವನ್ನಾಗಲಿ ಹೊತ್ತಿಲ್ಲ. ಆದುದರಿಂದ ಸಂಶೋಧಕರಿಗೆ ವಸ್ತುವೇ ಸಾಕ್ಷಿ. ಮೆದುಕಬ್ಬಿಣದ ಮೈಗೆ ಉಕ್ಕಿನ ಬಾಯಿ ಸೇರಿದ ಬೆಸುಗೆಯ ಗೆರೆ, ಮಸೆದು ಸವೆದ ಅಗಲ, ಮತ್ತೆ ಬಾಯಿ ಕಟ್ಟಿಸಿದ ಗುರುತು, ಕಾವು ತೊಡಿಸುವ ತೂತಿನ ವಿಕಾರ ಇವೆಲ್ಲ ಓದಬಹುದಾದ ಬರಹಗಳು. ಬಂಟ್ವಾಳದ ಬಿ.ಸಿ. ರೋಡಿನಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯದಂತಹ ನೆಲೆಗಳಲ್ಲಿ ದೈನಂದಿನ ಬಳಕೆಯ ವಸ್ತುಗಳು ಉಳಿದುಕೊಂಡಿವೆ. ಇಂತಹ ಸಂಗ್ರಹಗಳನ್ನು ಅಭ್ಯಸಿಸುವಾಗ ಒಂದು ಎಚ್ಚರ ಅಗತ್ಯ. ಅತ್ಯುತ್ತಮ ಕತ್ತಿ ಹೆಚ್ಚು ಬಳಕೆಯಾಗಿ, ಸವೆದು, ಕೊನೆಗೆ ಕುಲುಮೆಗೇ ಮರಳಿ ಬೇರೊಂದು ವಸ್ತುವಾಗಿರುವ ಸಾಧ್ಯತೆಯಿದೆ. ಅಂದವಾಗಿ ಉಳಿದಿರುವುದು ಬಳಕೆಗೆ ಒದಗದೆ ಮೂಲೆ ಸೇರಿದ್ದೂ ಆಗಿರಬಹುದು. ಹೀಗಾಗಿ ಉಳಿದ ಮಾದರಿಯ ಅಂದದಿಂದ ಒಂದು ಕಾಲದ ಕಸುಬನ್ನು ಅಳೆಯುವುದು ಸರಿಯಾಗದು. ಸವೆತವನ್ನು ದೋಷವೆಂದು ಬಗೆಯದೆ ದಾಖಲೆಯೆಂದು ಪರಿಗಣಿಸಿದಾಗ ಮಾತ್ರ ಹೆಸರಿಲ್ಲದ ಕಮ್ಮಾರರ ಕೆಲಸಕ್ಕೆ ನ್ಯಾಯ ದೊರೆಯುತ್ತದೆ.